ಗಟ್ಟಿ ಶಬ್ದ

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಗಿಟಾರಿನ ಒಂದು ತಂತಿಯನ್ನೂ ನೆಟ್ಟಗೆ ಮೀಟಲು ಬಾರದವರು, ಮೆಟಲ್ ಎಂಬ ಆ ಒರಟು ಸಂಗೀತ ಕಿವಿಗೆ ಬಿದ್ದರೆ ಹತ್ತು ನಿಮಿಷಕ್ಕೆ ತಲೆ ಹಿಡಿದುಕೊಳ್ಳುವವರು, ಅದರ ಶಬ್ದದ ಬಗ್ಗೆ ಇಷ್ಟುದ್ದ ಹೇಳಲು ಹೊರಡುವುದು ಅಧಿಕಪ್ರಸಂಗವೇ ಸರಿ. ಬಲ್ಲವರು ನಕ್ಕರೆ ನಗಲಿ. ಆದರೆ ಶಶಿಕಾಂತನ ರಿಪೇರಿ ಅಂಗಡಿಯಲ್ಲಿ ಆ ಗುರುವಾರ ನಡೆದದ್ದನ್ನು ಬಲ್ಲವರು ಯಾರೂ ಹೇಳುವ ಹಾಗೆ ಕಾಣಲಿಲ್ಲ. ಶಶಿಕಾಂತನಂತೂ ಹೇಳುವವನಲ್ಲ.

ಒಂಬತ್ತೂವರೆಗೆ ಷಟರ್ ಎತ್ತಿದವನು ದೀಪ ಹಾಕುವುದಕ್ಕೂ ಮೊದಲು ಮೇಜಿನ ಕೆಳಗಿನ ಕಸದ ಬುಟ್ಟಿಯನ್ನು ಬಗ್ಗಿ ನೋಡಿದ. ಅದು ಖಾಲಿ ಎಂದು ಅವನಿಗೆ ಗೊತ್ತಿತ್ತು. ಹಿಂದಿನ ಸಂಜೆ ಧೃತಿಯ ಫೋನ್ ಬಂದಮೇಲೆ ನಾಲ್ಕು ಸಲ ನೋಡಿದ್ದ, ಒಮ್ಮೆ ಕೈಹಾಕಿ ತಡಕಿಯೂ ಇದ್ದ. ಹದಿನೈದು ದಿನದ ಹಿಂದಿನ ಕಸ ಪುಟ್ಟೇನಹಳ್ಳಿಯ ಕಸದ ಗಾಡಿ ಹತ್ತಿ ಎಂದೋ ಊರು ಬಿಟ್ಟಿತ್ತು. "ಸಾರ್, ಏನೋ ಚೇಂಜ್ ಆಗಿದೆ," ಎಂದಿದ್ದಳು ಆ ಹುಡುಗಿ, ದೂರಿನ ದನಿಯಲ್ಲಲ್ಲ, ತನ್ನದೇ ಏನೋ ತಪ್ಪಿರಬೇಕು ಎಂಬ ಸಂಕೋಚದಲ್ಲಿ. "ಏನು ಅಂತ ಗೊತ್ತಾಗ್ತಿಲ್ಲ. ಮುಂಚಿನ ಥರ ಗಟ್ಟಿ ಇಲ್ಲ. ನಾಳೆ ತರ್ಲಾ?" ತನ್ನಿ ಮೇಡಂ, ನೋಡೋಣ, ಎಂದಿದ್ದ. ಆ 'ನೋಡೋಣ' ನಾಲಿಗೆ ಬಿಡುವಾಗಲೇ ಸುಳ್ಳಾಗಿತ್ತು. ನೋಡುವುದಕ್ಕೆ ಏನೂ ಇರಲಿಲ್ಲ. ಅವಳ ಆಂಪ್ಲಿಫೈಯರಿನಲ್ಲಿ ಏನು ಬದಲಾಗಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬದಲಿಸಿದವನು ಅವನೇ.

ಹದಿನೈದು ದಿನದ ಹಿಂದೆ ಅದು ಸತ್ತು ಬಂದಿತ್ತು. ಹಳೆಯ ಕಾಲದ ರೇಡಿಯೋಗಳಲ್ಲಿ ಇದ್ದಂಥ ಗಾಜಿನ ವಾಲ್ವುಗಳ ಆಂಪ್, ಎಷ್ಟೋ ಕೈ ಬದಲಾಗಿ ಅವಳಿಗೆ ಬಂದದ್ದು. ಒಂದು ದೊಡ್ಡ ವಾಲ್ವ್ ಸುಟ್ಟು, ಜೊತೆಗೆ ಫ್ಯೂಸನ್ನೂ ಎಳೆದುಕೊಂಡು ಹೋಗಿತ್ತು. ಬಿಟ್ಟುಹೋಗುವಾಗ ಅವಳು ಬಾಗಿಲಿನಿಂದ ತಿರುಗಿ, "ಸೌಂಡ್ ಗಟ್ಟಿ ಇರ್ಬೇಕು ಸಾರ್, ಅದೊಂದ್ ಹೋಗ್ಬಾರ್ದು," ಎಂದಿದ್ದಳು. ಅವನು ಚೀಟಿಯಲ್ಲಿ 'ಶಬ್ದ ಗಟ್ಟಿ ಬೇಕು' ಎಂದು ಬರೆದು ಕೆಳಗೆ ಗೆರೆ ಎಳೆದ. ಗಟ್ಟಿ ಎಂದರೆ ಅವನಿಗೆ ಒಂದೇ ಅರ್ಥ. ಹಗಲೆಲ್ಲ ವಿಲ್ಸನ್ ಗಾರ್ಡನ್‌ನ ಮೈಕ್‌ಸೆಟ್ ಅಂಗಡಿಯಲ್ಲಿ ದುಡಿದು, ಆರು ಗಂಟೆಯ ಡಿಪ್ಲೊಮಾ ತರಗತಿಯ ಕೊನೆಯ ಬೆಂಚಿನಲ್ಲಿ ಕೂತು, ಉತ್ತರ ಗೊತ್ತಿದ್ದೂ ಗಂಟಲಲ್ಲೇ ಇಟ್ಟುಕೊಳ್ಳುತ್ತಿದ್ದ ಮೂರು ವರ್ಷ ಸೇತುರಾಮ ಮೇಷ್ಟ್ರು ಅವನಿಗೆ ಹೇಳಿದ್ದು ಅದೊಂದೇ ಮಾತು: "ಗಟ್ಟಿಯಾಗಿ ಹೇಳ್ರೀ ಶಶಿಕಾಂತ, ಮುಂದಿನ ಬೆಂಚಿಗೂ ಕೇಳಿಸ್ತಿಲ್ಲ." ತರಗತಿ ನಗುತ್ತಿತ್ತು. ಐವತ್ತೆರಡರ ಈ ವಯಸ್ಸಿನಲ್ಲೂ, ಹೆಂಡತಿ ಸರ್ವಮಂಗಳಾ ಅಡುಗೆಮನೆಯಿಂದ "ಏನಂದ್ರಿ? ಗಟ್ಟಿಯಾಗಿ ಹೇಳಿ," ಎಂದಾಗ ಅವನ ಕಿವಿ ಬಿಸಿಯಾಗುತ್ತದೆ. ಹಾಗಾಗಿ ಗಟ್ಟಿ ಎಂದರೆ ಜೋರು, ತುಂಬು, ಕೊನೆಯ ಬೆಂಚಿನಿಂದ ಮೊದಲನೆಯದಕ್ಕೆ ತಲುಪುವಂಥದ್ದು. ಮೊಸರನ್ನೂ ಗಟ್ಟಿ ಎನ್ನುತ್ತಾರೆ, ಚಮಚ ಹಾಕಿ ತೆಗೆದರೆ ಹಳ್ಳ ಹಾಗೇ ನಿಲ್ಲುವ ಮೊಸರನ್ನು, ಎಂಬುದು ಆ ಹೊತ್ತಿಗೆ ಅವನಿಗೆ ಹೊಳೆಯಲಿಲ್ಲ.

ವಾಲ್ವ್ ಹಾಕಿ, ಫ್ಯೂಸ್ ಹಾಕಿ, ಸುಮ್ಮನಿದ್ದಿದ್ದರೆ ಆಗಿತ್ತು. ಸುಮ್ಮನಿರುವುದು ಅವನ ಜಾಯಮಾನವಲ್ಲ. ಒಪ್ಪಿಕೊಂಡ ಪೆಟ್ಟಿಗೆಯ ಪ್ರತಿ ಬೆಸುಗೆಯನ್ನೂ ಸರ್ಕ್ಯೂಟ್ ಡಯಾಗ್ರಾಮಿನ ಪಕ್ಕ ಇಟ್ಟು ನೋಡದೆ ವಾಪಸ್ ಕೊಟ್ಟರೆ ಅವನಿಗೆ ರಾತ್ರಿ ನಿದ್ದೆ ಬರದು. ಹಾಗೆ ನೋಡುವಾಗ ಮೊದಲನೆಯ ಮತ್ತು ಎರಡನೆಯ ವಾಲ್ವಿನ ನಡುವೆ, ಡಯಾಗ್ರಾಮ್ ಒಂದು ದಪ್ಪನೆಯ ಕೆಪಾಸಿಟರ್ ಕೇಳುವ ಕಡೆ, ಹುಣಸೆ ಬೀಜದಷ್ಟು ಗಾತ್ರದ ಕಂದು ಬಣ್ಣದ್ದೊಂದು ಕೂತಿತ್ತು. ಮೇಲಿನ ಅಂಕಿ ಅಳಿಸಿಹೋಗಿತ್ತು. ಬೆಸುಗೆ ಕಂಪನಿಯದಲ್ಲ, ಯಾರೋ ಕೈಯಿಂದ ಮಾಡಿದ್ದು. ಹೊಳೆಯುವ, ಚಿಕ್ಕ, ಅಚ್ಚುಕಟ್ಟಾದ ಬೆಸುಗೆ. ಯಾರೋ ಹಳೆಯ ಮೆಕ್ಯಾನಿಕ್ ಸರಿಯಾದ್ದು ಸಿಗದೆ ಕೈಗೆ ಸಿಕ್ಕಿದ್ದು ಹಾಕಿದ್ದಾನೆ, ಪಾಪ, ಎಂದುಕೊಂಡ. ಇಷ್ಟು ಚಿಕ್ಕದು ಹಾಕಿದರೆ ತಗ್ಗಿನ ಶಬ್ದವೆಲ್ಲ ಬಾಗಿಲಲ್ಲೇ ನಿಂತುಬಿಡುತ್ತದೆ. ಹುಡುಗಿ ಗಟ್ಟಿ ಬೇಕು ಅಂತಿದ್ದಾಳೆ. ಗಿರಾಕಿಗೆ ಫೋನ್ ಮಾಡಿ ಹೇಳಬಹುದಿತ್ತು. ಆದರೆ ಮೇಷ್ಟ್ರು ತರಗತಿಗೆಲ್ಲ ಕಲಿಸಿದ ಒಂದು ಕಟ್ಟಳೆಯಿತ್ತು: ಇನ್ನೊಬ್ಬ ಮೆಕ್ಯಾನಿಕ್ಕಿನ ತಪ್ಪನ್ನು ಗಿರಾಕಿಯ ಮುಂದೆ ಆಡಬಾರದು, ಅವನೂ ಹೊಟ್ಟೆಪಾಡಿನವನೇ, ಸರಿ ಮಾಡಿ ಸುಮ್ಮನಿರಬೇಕು. ತೆಗೆದ ಭಾಗಗಳನ್ನೆಲ್ಲ ಚಿಕ್ಕ ಕವರಿನಲ್ಲಿ ಹಾಕಿ ಗಿರಾಕಿಗೇ ವಾಪಸ್ ಕೊಡುವುದು ಅವನ ರೂಢಿ. ಅಂದು ಸುಟ್ಟ ವಾಲ್ವನ್ನೂ ಫ್ಯೂಸನ್ನೂ ಕವರಿಗೆ ಹಾಕಿದ. ಹುಣಸೆ ಬೀಜವನ್ನು ಮಾತ್ರ, ಗುರುತಿಲ್ಲದ ಯಾವನದೋ ಮಾನ ಉಳಿಸಲೆಂದು, ಬುಟ್ಟಿಗೆ ಹಾಕಿದ. ಅಳೆಯಲೂ ಇಲ್ಲ. ಮೀಟರು ಮೊಣಕೈ ಪಕ್ಕದಲ್ಲೇ ಇತ್ತು.

ಹನ್ನೊಂದಕ್ಕೆ ಅವರು ಬಂದರು. ಧೃತಿ ಮುಂದೆ, ಬೆನ್ನಿಗೆ ಗಿಟಾರು, ಕೈಯಲ್ಲಿ ಆಂಪ್. ಹಿಂದೆ ಅವಳ ತಂಡದ ಡ್ರಮ್ಮರ್ ಚೈತನ್ಯ, ಆಟೋದಿಂದ ಸ್ಪೀಕರ್ ಪೆಟ್ಟಿಗೆಯನ್ನು ತಬ್ಬಿಕೊಂಡು, ಗಡ್ಡದೊಳಗೇ ಬೆವರುತ್ತ. ಧೃತಿ ಜಯನಗರದವಳು, ವಿಲ್ಸನ್ ಗಾರ್ಡನ್‌ನ ಒಂದು ನರ್ಸಿಂಗ್ ಹೋಮಿನಲ್ಲಿ ಮಂಡಿನೋವಿನವರಿಗೆ ವ್ಯಾಯಾಮ ಮಾಡಿಸುವ ಕೆಲಸ, ಇವತ್ತು ಇದಕ್ಕೆಂದೇ ರಜೆ ಹಾಕಿದ್ದಳು. "ಎಂಟ್ ಹಾಡು ಸಾರ್ ನಮ್ದು," ಎಂದಳು ತಂತಿ ಜೋಡಿಸುತ್ತ. "ಐದು ರೆಕಾರ್ಡ್ ಆಗೋಗಿದೆ, ಇದೇ ಆಂಪಲ್ಲಿ, ಅದು ಕೆಟ್ಟೋಗೋಕೆ ಮುಂಚೆ. ಉಳಿದಿದ್ದು ಮೂರು, ಶನಿವಾರ ಸ್ಟುಡಿಯೋ ಬುಕ್ ಆಗಿದೆ. ಈಗ ಹಾಕಿದ್ರೆ ಆ ಮೂರು ಬೇರೆ ಯಾರೋ ನುಡಿಸ್ದಂಗೆ ಇರುತ್ತೆ." ಶಶಿಕಾಂತ ತಲೆಯಾಡಿಸಿದ. ಐದು ಹಾಡು ಎಂಬ ಲೆಕ್ಕ ಅವನಿಗೆ ಹಿಂದಿನ ದಿನ ಗೊತ್ತಿರಲಿಲ್ಲ. ತಾನು ಬುಟ್ಟಿಗೆ ಹಾಕಿದ್ದು ಒಂದು ಬಿಡಿಭಾಗವನ್ನಲ್ಲ, ಐದು ಹಾಡುಗಳ ಇನ್ನರ್ಧವನ್ನು ಎಂಬುದು ಈಗ ಹೊಳೆಯಿತು.

"ಏನ್ ತೊಂದ್ರೆ ಅಂದ್ರೆ ಸಾರ್, ಟೈಟ್ ಆಗ್ಬೇಕು ಇದು," ಎಂದಳು.

"ಲೇ, ಈಗ್ಲೇ ಟೈಟ್ ಆಗಿದೆ ಅದು," ಎಂದ ಚೈತನ್ಯ ನೆಲದ ಮೇಲೆ ಕಾಲು ಚಾಚಿ. "ಅದೇ ಪ್ರಾಬ್ಲಮ್ಮು. ನೋಡಿ ಸಾರ್, ಕುಡಿದು ತೂರಾಡ್ಕೊಂಡ್ ಬಂದಂಗಿದೆ. ನಾನು ಕಿಕ್ ಡ್ರಮ್ ಹೊಡೆದು ಮುಂದೆ ಹೋದ್ಮೇಲೆ ನಿಧಾನಕ್ಕೆ ಗೋಡೆ ಹಿಡ್ಕೊಂಡು ಬರುತ್ತೆ."

ಅವನು ನಗಬೇಕಾಗಿತ್ತು, ನಕ್ಕ. ಪಕ್ಕದ ಸರಸ್ವತಿಯಮ್ಮನ ಹಿಟ್ಟಿನ ಗಿರಣಿ ಓಡುತ್ತಿತ್ತು. ಅದು ಓಡುವಾಗ ಅಂಗಡಿಯ ಗೋಡೆಯೇ ಒಂದು ತಗ್ಗಿನ ಸ್ವರ ಹಿಡಿದು ನಿಂತಂತಿರುತ್ತದೆ. ಅದರ ಮುಂದೆ ಏನು ನುಡಿಸಿದರೂ ನಿಜ ಕೇಳಿಸದು. ಅವರು ಕಾದರು. ಯಾರದೋ ರಾಗಿ ಮುಗಿದು ಗಿರಣಿ ನಿಂತ ಕೂಡಲೇ ಅವಳು ಬಲಗೈಯ ಅಂಗೈಯಂಚನ್ನು ತಂತಿಗಳ ಮೇಲೆ ಒರಗಿಸಿ, ಅತಿ ದಪ್ಪನೆಯ ತಂತಿಯನ್ನು ಎಂಟು ಸಲ ಹೊಡೆದು ನಿಲ್ಲಿಸಿದಳು. ಕೈ ನಿಂತಿತು. ಶಬ್ದ ನಿಲ್ಲಲಿಲ್ಲ. ಒಂದು ಕ್ಷಣ, ಅರೆಕ್ಷಣ, ಒದ್ದೆ ಕಂಬಳಿಯ ಹಾಗೆ ಹಿಂದೆ ಎಳೆದುಕೊಂಡು ಬಂದು ಆಮೇಲೆ ಬಿತ್ತು. ಎಂಟು ಹೊಡೆತಗಳ ನಡುವೆ ಇರಬೇಕಾಗಿದ್ದ ಏಳು ಚಿಕ್ಕ ಖಾಲಿಗಳು ಇರಲಿಲ್ಲ. ಶಶಿಕಾಂತ ಆ ತನಕ ಅಂಥ ಖಾಲಿಗಳನ್ನು ಕೇಳಿಸಿಕೊಂಡವನೇ ಅಲ್ಲ. ಅವು ಇಲ್ಲ ಎಂದು ಮೊದಲ ಸಲ ಕೇಳಿಸಿತು. ಗಟ್ಟಿ ಎಂಬ ಮಾತು ತನ್ನ ಬೆಂಚಿನಿಂದ ಎದ್ದು ಅವಳ ಕಡೆ ಹೋಗಿ ನಿಂತದ್ದು ಆ ಗಳಿಗೆಯಲ್ಲಿ.

ಆಗಲೇ ಹೇಳಬಹುದಿತ್ತು. ಬಾಯಿ ತೆರೆದ ಕೂಡ. ಬಂದದ್ದು ಬೇರೆ ಮಾತು: "ಹೊಸ ವಾಲ್ವ್ ಸ್ವಲ್ಪ ದಿನ ಓಡಿದ್ಮೇಲೆ ಹದಕ್ಕೆ ಬರುತ್ತೆ ಮೇಡಂ. ಕೇಬಲ್ ಏನಾದ್ರೂ..." ಅವಳು ಬೇಸರಿಸಲಿಲ್ಲ. "ಮೇಡಂ ಅನ್ಬೇಡಿ ಸಾರ್, ಬ್ಯಾಂಕ್ ಮ್ಯಾನೇಜರ್ ಆದಂಗೆ ಅನ್ಸುತ್ತೆ," ಎಂದು ಹೇಳಿ, ತಾನು ಈ ವಾರವಿಡೀ ಮಾಡಿದ್ದನ್ನು ಒಂದೊಂದಾಗಿ ಹೇಳಿದಳು: ಕೇಬಲ್ ಬದಲಿಸಿದ್ದು, ತಂತಿ ಬದಲಿಸಿದ್ದು, ಗೆಳತಿಯ ಗಿಟಾರು ತಂದು ನೋಡಿದ್ದು, ಬೇರೆ ಸ್ಪೀಕರಿಗೆ ಜೋಡಿಸಿದ್ದು, ಬಾಸ್ ಗುಂಡಿಯನ್ನು ಎರಡಕ್ಕೆ ಇಳಿಸಿದ್ದು, ಶಬ್ದ ಎಷ್ಟು ಒಡೆಯಬೇಕೆಂದು ಹೇಳುವ ಗೇನ್ ಗುಂಡಿಯನ್ನು ಮುಕ್ಕಾಲಿನಿಂದ ಅರ್ಧಕ್ಕೆ ತಂದದ್ದು. "ಗೇನ್ ಇಳಿಸಿದ್ರೆ ಸ್ವಲ್ಪ ಬಿಗಿ ಆಗುತ್ತೆ, ಎಲ್ರೂ ಏರ್ಸೋಕೆ ಹೋಗ್ತಾರೆ, ಅದು ತಪ್ಪು. ಮುಂದೆ ಒಂದು ಪೆಡಲ್ ಇಟ್ಟು, ಅದ್ರ ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ, ಹಂಗೂ ಮಾಡ್ದೆ. ಇನ್ನೂ ಬಿಗಿ ಆಯ್ತು. ಆದ್ರೆ ಅದು ಗೇಟಲ್ಲಿ ವಾಚ್‌ಮನ್ ಇಟ್ಟಂಗೆ ಸಾರ್. ಮುಂಚೆ ಮನೆಯವ್ರೇ ಶಿಸ್ತಾಗಿದ್ರು." ಶಶಿಕಾಂತ ಅವಳನ್ನು ನೋಡಿದ. ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು. ಮೂರು ವರ್ಷದ ಡಿಪ್ಲೊಮಾದಲ್ಲಿ, ಆಮೇಲಿನ ಇಪ್ಪತ್ತೆಂಟು ವರ್ಷದ ಕಸುಬಿನಲ್ಲಿ, ತಪ್ಪನ್ನು ಹೀಗೆ ಹೊರಗಿನಿಂದ ಒಳಗೆ, ಒಂದು ಮೆಟ್ಟಿಲೂ ಹಾರದೆ ಹುಡುಕಿಕೊಂಡು ಬಂದವರನ್ನು ಅವನು ಕಂಡಿರಲಿಲ್ಲ. ಸರ್ಕ್ಯೂಟ್ ಅವಳಿಗೆ ಗೊತ್ತಿಲ್ಲ. ಆದರೂ ಅವಳು ಬಂದು ನಿಂತಿರುವುದು ಸರಿಯಾಗಿ ಆ ಬಾಗಿಲ ಎದುರಿಗೇ. ಒಳಗೆ ಅಡಗಿ ಕೂತಿರುವವನು ತಾನು.

"ಬಿಚ್ಚಿ ನೋಡ್ತೀನಿ," ಎಂದ.

ಆಂಪ್ ಆರಿಸಿ, ಒಳಗೆ ಉಳಿದ ಕರೆಂಟು ಇಳಿಯುವ ತನಕ ಕಾದು, ಎಡಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಬಲಗೈಯೊಂದರಿಂದಲೇ ಮೀಟರಿನ ಕಡ್ಡಿ ಇಟ್ಟು ನೋಡಿದ. ವಾಲ್ವಿನ ಪೆಟ್ಟಿಗೆಯಲ್ಲಿ ಎರಡೂ ಕೈ ಇಟ್ಟವನ ಎದೆಯೊಳಗೆ ಕರೆಂಟು ಹಾದುಹೋಗುತ್ತದೆಂದು ಸಂಜೆ ತರಗತಿಯಲ್ಲಿ ಮೊದಲ ವಾರವೇ ಕಲಿಸಿದ್ದರು. ಅವರು ಅಲ್ಲಿ ಕಲಿಸಿದ್ದ ಇನ್ನೊಂದು: ಡಿಸ್ಟಾರ್ಷನ್ ಎಂದರೆ ದೋಷ. ಒಳಗೆ ಹೋದದ್ದೇ ಹೊರಗೆ ಬರಬೇಕು, ದೊಡ್ಡದಾಗಿ, ಆದರೆ ಅದೇ ಆಗಿ. ಬದುಕೆಲ್ಲ ಅವನು ಆ ದೋಷವನ್ನು ಅಳಿಸಿದವನು, ದೇವಸ್ಥಾನದ ಮೈಕುಗಳಿಂದ, ಕಲ್ಯಾಣಮಂಟಪದ ಹಾರ್ನುಗಳಿಂದ, ಶಾಲೆಯ ಪ್ರಾರ್ಥನೆಯಿಂದ. ಈಗ ಐದಾರು ವರ್ಷದಿಂದ ಈ ಮಕ್ಕಳು ಬರುತ್ತಾರೆ, ದೋಷವನ್ನೇ ಚೆನ್ನಾಗಿ ಮಾಡಿಕೊಡಿ ಎನ್ನುತ್ತಾರೆ. ಮೊದಮೊದಲು ಅವನಿಗೆ ತನ್ನನ್ನು ಗೇಲಿ ಮಾಡುತ್ತಿದ್ದಾರೆ ಅನ್ನಿಸಿತ್ತು. ದೋಷದೊಳಗೂ ಸರಿ ತಪ್ಪು ಇದೆ, ಅದರ ಶಿಸ್ತು ಶುದ್ಧ ಶಬ್ದದ ಶಿಸ್ತಿಗಿಂತ ಕಠಿಣ ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ. ಇದ್ದರೆ ಹಗಲು ತರಗತಿಯವರ ಪುಸ್ತಕದಲ್ಲಿ ಇತ್ತೇನೋ.

ಈಗ, ಬೆಸುಗೆಯ ಸಲಾಕೆ ಕಾಯುವಾಗ, ಎಲ್ಲ ಎಷ್ಟು ಸ್ಪಷ್ಟವಾಗಿತ್ತು. ಆ ಕೆಪಾಸಿಟರು ಬಾಗಿಲು. ದೊಡ್ಡದಾದಷ್ಟೂ ತಗ್ಗಿನ ಸ್ವರ ಹೆಚ್ಚು ಒಳಗೆ ನುಗ್ಗುತ್ತದೆ. ಮುಂದಿನ ವಾಲ್ವಿನಲ್ಲಿ ಶಬ್ದ ಮೊದಲೇ ತುಂಬಿ ಒಡೆಯುವ ಹಾಗಿರುವಾಗ ಆ ದಪ್ಪ ಸ್ವರ ಊದಿಕೊಂಡು ಉಳಿದ ಸ್ವರಗಳ ಮೇಲೆ ಕೂತುಬಿಡುತ್ತದೆ. ಬಿಗಿ ಬೇಕೆಂದರೆ ಸೇರಿಸಬಾರದು, ಮೊದಲ ಬಾಗಿಲಲ್ಲೇ ಕಡಿಮೆ ಮಾಡಬೇಕು. ಒಡೆದಮೇಲೆ, ಕೊನೆಯಲ್ಲಿ, ಬೇಕಾದಷ್ಟು ತಗ್ಗು ವಾಪಸ್ ಕೊಟ್ಟುಕೊಳ್ಳಬಹುದು. ಹುಣಸೆ ಬೀಜ ಹಾಕಿದ ಮನುಷ್ಯನಿಗೆ ಇದು ಗೊತ್ತಿತ್ತು. ಸಿಗದೆ ಹಾಕಿದ್ದಲ್ಲ, ಕೇಳಿ ಹಾಕಿದ್ದು. ಯಾರು ಅವನು, ಅಥವಾ ಅವಳು? ತಾನು ಪಾಪ ಎಂದುಕೊಂಡದ್ದು, ಮಾನ ಕಾಪಾಡಲು ಹೊರಟದ್ದು ನೆನೆದು ಅವನ ಮುಖ ಸಲಾಕೆಯ ಪಕ್ಕದಲ್ಲಿ ಇನ್ನಷ್ಟು ಬಿಸಿಯಾಯಿತು. ಡಯಾಗ್ರಾಮಿನ ಪ್ರಕಾರ ತಾನು ಹಾಕಿದ್ದು ಇಪ್ಪತ್ತೆರಡು ನ್ಯಾನೋಫ್ಯಾರಡ್ ಅಳತೆಯದು. ಅದನ್ನು ತೆಗೆದು ಹತ್ತರದ್ದೊಂದು ಹಾಕಿದ.

ವಾಲ್ವುಗಳು ಕೆಂಪಾಗುವ ತನಕ ಕಾದರು. ಅವಳು ಅದೇ ಎಂಟು ಹೊಡೆತ ಹೊಡೆದಳು. ನಿಲ್ಲಿಸಿದಳು. ಕಂಬಳಿ ಅರ್ಧ ಒಣಗಿತ್ತು.

"ಸಾರ್!" ಎಂದಳು. ಕಣ್ಣು ಅರಳಿದವು. "ಹೌದು, ಇಲ್ಲೇ! ಇದೇ ದಾರಿ. ಏನ್ ಮಾಡಿದ್ರಿ?"

"ಒಂದು ಕೆಪಾಸಿಟರ್... ಬದಲಾಯಿಸ್ದೆ."

"ನೋಡೋ ಚೈತು! ಈ ವಾರ ಬಿಟಿಎಮ್‌ನಲ್ಲಿ ಇಬ್ರಿಗೆ ತೋರ್ಸಿದ್ವಿ, ಒಬ್ರೂ ಅಲ್ಲಿಗೆ ಕೈ ಹಾಕ್ಲಿಲ್ಲ. ಇವ್ರು ಸೀದಾ ಅಲ್ಲಿಗೇ ಹೋದ್ರು."

"ಸಖತ್ ಸಾರ್ ನೀವು," ಎಂದು ಚೈತನ್ಯ ಕೂತಲ್ಲಿಂದಲೇ ಕೈಮುಗಿದ. "ನಮ್ ಗುರುಗಳು ಇನ್ಮೇಲೆ. ಆಲ್ಬಮ್ ಮೇಲೆ ಹೆಸರು ಹಾಕ್ತೀವಿ."

ಸಂಜೆ ತರಗತಿಯ ನಗೆಯನ್ನು ತಾಳಿಕೊಳ್ಳಬಹುದಿತ್ತು. ಇದನ್ನು ತಾಳುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಮನೆ ದೋಚಿದವನೇ ಬಂದು ಒಂದು ಪಾತ್ರೆ ವಾಪಸ್ ಇಟ್ಟರೆ ಮನೆಯವರು ಮಂಗಳಾರತಿ ಎತ್ತಿದಂತಿತ್ತು. ಅವನು ಬೆನ್ನು ತಿರುಗಿಸಿ ಡಬ್ಬಿಗಳಲ್ಲಿ ಏನೋ ಹುಡುಕತೊಡಗಿದ. ಇನ್ನು ನಾಲ್ಕು ಪಾಯಿಂಟ್ ಏಳು ಹಾಕಿದರೆ ಮುಗಿದುಹೋಗಬಹುದು, ಅವರು ಖುಷಿಯಾಗಿ ಹೋಗುತ್ತಾರೆ, ಹೆಸರೂ ಬರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೆ ಭಯವಾಯಿತು. ಅದರ ಬೆನ್ನಿಗೇ ಇನ್ನೊಂದು, ಇನ್ನೂ ಸಣ್ಣದು: ಈ ಹುಡುಗಿಗೆ ನಿಜಕ್ಕೂ ಅಷ್ಟು ಕೇಳಿಸುತ್ತದೆಯೇ? ಅಥವಾ ಬದಲಾಯಿಸಿದೆ ಎಂದರೆ ಬದಲಾಗಿದೆ ಎನ್ನುವವರ ಪೈಕಿಯೇ? ಮೈಕ್‌ಸೆಟ್ ಅಂಗಡಿಯಲ್ಲಿ ಹಾಗೆ ಮಾಡುತ್ತಿದ್ದರು. ಭಾಷಣಕಾರರು ಸರಿಯಿಲ್ಲ ಎಂದರೆ ಎಲ್ಲಿಗೂ ಜೋಡಿಸದ ಒಂದು ಗುಂಡಿ ತಿರುಗಿಸಿ, ಈಗ ಹೇಗಿದೆ ಸಾರ್, ಎನ್ನುತ್ತಿದ್ದರು. ಸೂಪರ್, ಎನ್ನುತ್ತಿದ್ದರು ಅವರು. ಶಶಿಕಾಂತ ಆರಿಸಿ, ಕಾದು, ಹತ್ತರ ಕೆಪಾಸಿಟರಿನ ಎರಡೂ ಬೆಸುಗೆಯನ್ನು ಕರಗಿಸಿ, ಅದನ್ನೇ ಮತ್ತೆ ಅಲ್ಲೇ ಬೆಸೆದ. ಬೆನ್ನಿನ ಮರೆಯಲ್ಲಿ. "ಈಗ ನೋಡಿ," ಎಂದ.

ಅಷ್ಟರಲ್ಲಿ ಸರಸ್ವತಿಯಮ್ಮ ಹಿಟ್ಟು ಮೆತ್ತಿದ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದರು. "ಏನ್ರೀ ಶಶಿಕಾಂತಪ್ಪ, ನನ್ ಮಿಷನ್ನೇ ವಾಸಿ ಅನ್ನಂಗಿದೆಯಲ್ಲ. ಜನ ಬಂದು, ಸರಸ್ವತಮ್ಮ, ಹೊಸ ಮಿಷನ್ ಹಾಕ್ಸಿದ್ರಾ ಅಂತಾವ್ರೆ."

"ಸಾರಿ ಆಂಟಿ, ಅರ್ಧ ಗಂಟೆ," ಎಂದಳು ಧೃತಿ.

"ಹೊಡಿ ತಾಯಿ, ಹೊಡಿ. ಊಟದ ಹೊತ್ತು, ಆಫ್ ಮಾಡೀನಿ. ಗೋಧಿ ಒಣಗ್ದೇ ಇದ್ರೆ ನಮ್ದೂ ಹಿಂಗೇ ಮುಕ್ಕರಿಯೋದು," ಎಂದು ಹೇಳಿ, ತಮ್ಮದೇ ಮಾತಿಗೆ ತಾವೇ ತಲೆದೂಗಿ ಹೋದರು.

ಧೃತಿ ಎಂಟು ಹೊಡೆದಳು. ಮತ್ತೆ ಎಂಟು. ಹುಬ್ಬು ಗಂಟಾಯಿತು. ಅವಳು ಶಶಿಕಾಂತನನ್ನು ನೋಡಲಿಲ್ಲ, ಸ್ಪೀಕರಿನ ಬಟ್ಟೆಯನ್ನು ನೋಡುತ್ತಿದ್ದಳು. "ನನ್ ಕಿವಿ ಸುಸ್ತಾಗಿದ್ಯೇನೋ ಸಾರ್. ಇದು ಆಗ್ಲೇ ಹಾಕಿದ್ರಲ್ಲ, ಅದೇ ಅಲ್ವಾ?"

ಚೈತನ್ಯ ಹೇಳಿದ: "ಇಲ್ಲ ಮಗಾ, ಇದು ಇನ್ನೂ ಕ್ಲೀನ್ ಇದೆ."

"ಅಲ್ಲ. ಅದೇ," ಎಂದಳು, ಬಹಳ ಮೆಲ್ಲಗೆ.

ಶಶಿಕಾಂತನ ಎಡಗೈ ಮತ್ತೆ ಜೇಬು ಸೇರಿತ್ತು. ತೆಗೆದ. ಪರೀಕ್ಷೆಯಲ್ಲಿ ಕೂತವಳು ಅವಳಲ್ಲ. ತನ್ನ ಕಸುಬಿನಲ್ಲಿ ಯಾರೂ ನೋಡದ ಕಡೆಯೂ ಬೆಸುಗೆ ಹೊಳೆಯಬೇಕು ಎಂದು ನಂಬಿ ಬದುಕಿದವನು, ಈಗ ಒಂದು ಗಂಟೆಯಲ್ಲಿ ಮೂರು ಸುಳ್ಳು ಹೇಳಿದ್ದ, ನಾಲ್ಕನೆಯದನ್ನು ಬೆಸೆದಿದ್ದ. ಆ ಕಿವಿಯ ಮುಂದೆ ಬೆಸೆದಿದ್ದ. ನಾಚಿಕೆಗಿಂತ ಮೊದಲು ಅವನಿಗೆ ಆದದ್ದು, ಹೇಳಿದರೆ ನಂಬುವುದು ಕಷ್ಟ, ಒಂದು ಬಗೆಯ ಸಂತೋಷ. ನಿಜವಾದದ್ದನ್ನು ಕಂಡಾಗ ಆಗುವಂಥದ್ದು. ಅದು ಅವನನ್ನು ಮಾತಿಗೆ ತಳ್ಳಿತು.

"ಅದೇ," ಎಂದ. "ನಾನು ಬದಲಾಯಿಸ್ಲಿಲ್ಲ. ನಿಮಗೆ ಗೊತ್ತಾಗುತ್ತಾ ಅಂತ ನೋಡ್ದೆ. ಅದು ತಪ್ಪು. ಇನ್ನೊಂದು ತಪ್ಪಿದೆ." ದನಿ ಕೊನೆಯ ಬೆಂಚಿನದೇ ಆಗಿತ್ತು. ಚೈತನ್ಯ, "ಏನು ಸಾರ್? ಕೇಳಿಸ್ಲಿಲ್ಲ," ಎಂದ. ಶಶಿಕಾಂತ ಮತ್ತೆ ಹೇಳಿದ, ಈ ಸಲ ಜೋರಾಗಿ, ಅಂಗಡಿಗೆ ಬೇಕಾದದ್ದಕ್ಕಿಂತ ಜೋರಾಗಿ: "ಹೋದ್ ಸಲ ಬಂದಾಗ ಇಲ್ಲಿ ಒಂದು ಚಿಕ್ಕ ಕೆಪಾಸಿಟರ್ ಇತ್ತು. ಯಾರೋ ಬೇಕು ಅಂತಾನೇ ಹಾಕಿದ್ದು. ನಾನು ತಪ್ಪು ಅಂದ್ಕೊಂಡು ಕಿತ್ತು, ದೊಡ್ಡದು ಹಾಕ್ದೆ. ನಿಮಗೆ ಹೇಳ್ಲಿಲ್ಲ. ನೀವು ಗಟ್ಟಿ ಅಂದ್ರಿ, ನಾನು ಜೋರು ಅಂತ ತಿಳ್ಕೊಂಡೆ. ನಿಮ್ಮ ಸೌಂಡ್ ಹಾಳ್ಮಾಡಿದ್ದು ನಾನೇ."

ಚೈತನ್ಯ ಕಾಲು ಮಡಚಿಕೊಂಡು ನೆಟ್ಟಗೆ ಕೂತ. "ಹೇಳ್ದೇನೇ ಚೇಂಜ್ ಮಾಡಿದ್ರಾ? ಒಂದ್ ವಾರದಿಂದ ಇವ್ಳು ತನ್ ಕೈಯೇ ಹಾಳಾಗಿದೆ ಅಂತ ನಿದ್ದೆ ಬಿಟ್ಟಿದಾಳೆ ಸಾರ್. ಪ್ರಾಕ್ಟೀಸಲ್ಲಿ ಅತ್ಲು. ಗೊತ್ತಾ?" ಗೊತ್ತಿರಲಿಲ್ಲ. ಶಶಿಕಾಂತ ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ ಅದೂ ಒಂದು ನಾಟಕವಾಗುತ್ತದೆ ಅನ್ನಿಸಿತು. ಧೃತಿ ಕೇಳಿದ್ದು ಒಂದೇ: "ಅದು ಎಲ್ಲಿದೆ ಸಾರ್ ಈಗ?"

"ಎಸೆದುಬಿಟ್ಟೆ. ಅಳತೆನೂ ಬರ್ಕೊಂಡಿಲ್ಲ."

ಅವಳು ಸ್ವಲ್ಪ ಹೊತ್ತು ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿದಳು, ತನ್ನ ರೋಗಿಗಳಿಗೆ ಹೇಳಿಕೊಡುವ ಹಾಗೆ, ಎಣಿಕೆ ತಪ್ಪದೆ. "ಹಾಗಾದ್ರೆ ನನ್ ಕೈ ಸರಿಯಾಗೇ ಇದೆ," ಎಂದಳು. ಅದು ಪ್ರಶ್ನೆಯಲ್ಲ. ಆಮೇಲೆ ಗಿಟಾರನ್ನು ತೊಡೆಯ ಮೇಲೆ ಸರಿಮಾಡಿಕೊಂಡು, "ಇರೋ ಎಲ್ಲಾ ಸೈಜೂ ತೆಗೀರಿ ಸಾರ್. ಹುಡುಕೋಣ," ಎಂದಳು.

ಅಲ್ಲಿಂದ ಎರಡು ಗಂಟೆಯ ತನಕ ನಡೆದದ್ದನ್ನು ಶಶಿಕಾಂತ ಮುಂದೆಂದೂ ಸರಿಯಾಗಿ ನೆನಪಿಗೆ ತಂದುಕೊಳ್ಳಲಾರ. ಅದೆಲ್ಲ ಒಂದೇ ಉದ್ದನೆಯ ಕೆಲಸವಾಗಿತ್ತು. ಆರಿಸುವುದು, ಕಾಯುವುದು, ಕರಗಿಸುವುದು, ಬೆಸೆಯುವುದು, ಕೆಂಪಾಗುವ ತನಕ ಮತ್ತೆ ಕಾಯುವುದು, ಎಂಟು ಹೊಡೆತ. ನಡುವೆ ಚೈತನ್ಯ ಯಾರೂ ಕೇಳದೆ ಎದ್ದು ಹೋಗಿ ಮೂರು ಕಾಫಿ ತಂದು, ಒಂದನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟ. ಬರೀ ಒಂದರದ್ದು ಹಾಕಿದಾಗ ಅವಳು ಮುಖ ಸಿಂಡರಿಸಿದಳು: "ಒಣಗಿದ ಚಪಾತಿ." ನಾಲ್ಕು ಪಾಯಿಂಟ್ ಏಳಕ್ಕೆ, "ಹತ್ರ, ಆದ್ರೆ ಬಾಲ ಇದೆ." ಶಶಿಕಾಂತ ತಾನೂ ಕೇಳಿಸಿಕೊಂಡ; ಇದೆ, ನಿಂತಮೇಲೆ ಇಲಿಯ ಬಾಲದಷ್ಟು. ಅವಳು ಹೇಳುವ ಮೊದಲು ಅವನಿಗೆ ಕೇಳಿಸುವುದಿಲ್ಲ, ಹೇಳಿದಮೇಲೆ ಕೇಳಿಸದೆ ಇರುವುದಿಲ್ಲ. ಎರಡು ಪಾಯಿಂಟ್ ಎರಡಕ್ಕೆ ಅವಳು ಬಾಸ್ ಗುಂಡಿ ಏರಿಸಿ, ಇಳಿಸಿ, ಗೇನು ಒಂದು ಕೂದಲೆಳೆ ಇಳಿಸಿ, "ಬಿಗಿ ಇದೆ. ಆದ್ರೆ ಹೊಟ್ಟೆ ಇಲ್ಲ," ಎಂದಳು. ನಾಲ್ಕು ಪಾಯಿಂಟ್ ಏಳಕ್ಕೂ ಇದಕ್ಕೂ ನಡುವಿನದ್ದು ಅವನ ಬಳಿ ಇರಲಿಲ್ಲ. ಎರಡು ಪಾಯಿಂಟ್ ಎರಡರ ಬೆನ್ನಿಗೆ ಒಂದನ್ನು ಜೋಡಿಸಿ ಬೆಸೆದ, ಮೂರರ ಆಚೀಚೆ ಬರುವ ಹಾಗೆ. ಬೆಸುಗೆಯನ್ನು ಚಿಕ್ಕದಾಗಿ, ಹೊಳೆಯುವಂತೆ ಇಟ್ಟ. ಆ ಗುರುತಿಲ್ಲದ ಕೈ ಪಕ್ಕದಲ್ಲಿ ನಿಂತು ನೋಡುತ್ತಿದ್ದರೆ ಇಟ್ಟಿರುತ್ತಿದ್ದ ಹಾಗೆ.

ಅವಳು ಎಂಟು ಹೊಡೆದಳು. ನಿಲ್ಲಿಸಿದಳು. ನಿಂತಿತು. ಕೈಯ ಜೊತೆಗೇ, ಬಾಗಿಲು ಹಾಕಿದ ಹಾಗೆ. ಹೊಡೆತ ಹೊಡೆತಕ್ಕೂ ನಡುವೆ ಖಾಲಿ ಇತ್ತು; ಆ ಖಾಲಿಗಳಲ್ಲಿ ಹೊರಗೆ ಆಟೋ ಹೋಗುವುದು, ಗಿರಣಿಯ ಕಟ್ಟೆಯ ಮೇಲೆ ಸರಸ್ವತಿಯಮ್ಮ ಊಟದ ಡಬ್ಬಿ ಮುಚ್ಚುವುದು ಕೇಳಿಸಿತು. ಅವಳು ಮತ್ತೆ ಎಂಟಕ್ಕೆ ನಿಲ್ಲಿಸಲಿಲ್ಲ. ಇಡೀ ಹಾಡನ್ನೇ ಎತ್ತಿಕೊಂಡಳು. ಚೈತನ್ಯ ಸ್ಟೂಲಿನ ಮೇಲೆ ಎರಡು ಸ್ಕ್ರೂಡ್ರೈವರ್ ಹಿಡಿದು ಸೇರಿಕೊಂಡ. ಅಷ್ಟು ಒರಟಾದ ಶಬ್ದ ಅಷ್ಟು ವಿನಯದಿಂದ, ಕರೆದಾಗ ಬಂದು ಸಾಕೆಂದಾಗ ನಿಲ್ಲುವುದನ್ನು ಶಶಿಕಾಂತ ಬದುಕಿನಲ್ಲೇ ಕಂಡಿರಲಿಲ್ಲ. ಅವನ ತಲೆ ನೋಯುತ್ತಿತ್ತು. ಅವನು ಗೋಡೆಗೆ ಒರಗಿ, ಅದು ಮುಗಿಯದಿರಲಿ ಎಂದು ನಿಂತಿದ್ದ.

ಮುಗಿಯಿತು. "ಅದೇನಾ?" ಎಂದು ಕೇಳಿದ. ಕೇಳಿದಮೇಲೆ, ಕೇಳಬಾರದಿತ್ತು ಅನ್ನಿಸಿತು.

ಧೃತಿ ಫೋನ್ ತೆಗೆದಳು. ಅದರಲ್ಲಿ ಐದು ಹಾಡುಗಳಿದ್ದವು. ಬೆರಳು ಪರದೆಯ ಮೇಲೆ ನಿಂತಿತು. ಆಮೇಲೆ ಒತ್ತದೆ ಅದನ್ನು ಚೀಲಕ್ಕೆ ಹಾಕಿದಳು. "ಗೊತ್ತಾಗ್ತಿಲ್ಲ ಸಾರ್," ಎಂದಳು. "ಬೆಳಿಗ್ಗೆಯಿಂದ ಕೇಳಿ ಕೇಳಿ ಹಳೇದು ಮರ್ತೇ ಹೋಯ್ತು. ಇದು ಚೆನ್ನಾಗಿದೆ. ಶನಿವಾರಕ್ಕೆ ಇದೇ ಇರ್ಲಿ."

ಆಟೋ ಬಂತು. ಪೆಟ್ಟಿಗೆ ಹತ್ತಿಸಲು ಅವನೂ ಒಂದು ಕೈ ಕೊಟ್ಟ. ಚೈತನ್ಯ ಹತ್ತಿ ಕೂತಮೇಲೆ, ಬೇಕೋ ಬೇಡವೋ ಎಂಬಂತೆ, "ಬರ್ತೀವಿ ಸಾರ್," ಎಂದ. ಶಶಿಕಾಂತ ಒಳಗೆ ಬಂದು ಕಾಗದದ ಮೇಲೆ ಬರೆದ: ಎರಡು ಪಾಯಿಂಟ್ ಎರಡು, ಜೊತೆಗೆ ಒಂದು. ತಾರೀಖು ಹಾಕಿದ. ಹಳೆಯದರ ಅಳತೆ ಎಂದು ಬರೆದು, ಅದರ ಮುಂದಿನ ಜಾಗವನ್ನು ಖಾಲಿ ಬಿಟ್ಟ.

ಹಳೆಯ ಶಬ್ದ, ಹೊಸ ಶಬ್ದ ಎರಡೂ ಒಂದೇ ಆಗಿದ್ದವೇ, ಗೊತ್ತಿಲ್ಲ. ಮೊದಲು ಆ ಹುಣಸೆ ಬೀಜವನ್ನು ಹಾಕಿದವರು ಯಾರು, ಗೊತ್ತಿಲ್ಲ. ಬೆಸೆದದ್ದನ್ನೇ ಮತ್ತೆ ಬೆಸೆದರೂ ಗುರುತು ಹಿಡಿದ ಆ ಕಿವಿಗೆ ಹದಿನೈದು ದಿನದ ಹಿಂದಿನ ತನ್ನದೇ ಶಬ್ದ ಒಂದು ಮಧ್ಯಾಹ್ನದಲ್ಲಿ ನಿಜಕ್ಕೂ ಮರೆತುಹೋಯಿತೇ, ಅಥವಾ ಎದುರಿಗೆ ನಿಂತವನ ಮುಖ ನೋಡಿ ಹಾಗೆಂದಳೇ, ಅದೂ ಗೊತ್ತಿಲ್ಲ.